ಆದಿಲಶಾಹಿ ವಿಜಯಪುರದಲ್ಲಿ ಧೂಮವೂ ಔಷಧವೂ

ಮೂಲಿಕೆಗಳ ಹೊಗೆಯನ್ನೂ ಸುಗಂಧತೈಲಗಳ ಆವಿಯನ್ನೂ ಉಸಿರಿನೊಡನೆ ಒಳಗೆಳೆದುಕೊಂಡರೆ ಆರೋಗ್ಯ ವರ್ಧಿಸುವುದೆಂಬ ನಂಬುಗೆ ಈಚೆಗೆ ವಿದ್ಯುತ್ ಉಪಕರಣಗಳ ಮೂಲಕ ಹೊಸ ವೇಷ ತೊಟ್ಟು ಪ್ರಚಾರಕ್ಕೆ ಬಂದಿದೆ. ಇದು ನಮ್ಮ ಪೂರ್ವಿಕರ ಪದ್ಧತಿಯೇ ಎಂದು ವಾದಿಸುವವರೂ ಉಂಟು. ಈ ಮಾತನ್ನು ಪರೀಕ್ಷಿಸಲು ವಿಜಯಪುರದಷ್ಟು ಅನುಕೂಲವಾದ ಸ್ಥಳ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅಕಬರನ ದರಬಾರಿಗೆ ತಂಬಾಕು ಔಷಧವೆಂಬ ಹೆಸರಿನಿಂದ ಪ್ರವೇಶಿಸಿದ್ದು ಈ ಊರಿನಿಂದಲೇ.

ಮೊದಲು ಶಾಸ್ತ್ರದ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನದ ವಿಧಿ ಇದೆ. ಅರೆದ ಮೂಲಿಕೆಗಳನ್ನು ಜೊಂಡಿನ ಕಡ್ಡಿಗೆ ಲೇಪಿಸಿ, ಒಣಗಿದ ಮೇಲೆ ಕಡ್ಡಿಯನ್ನು ತೆಗೆದು, ಉಳಿದ ಟೊಳ್ಳು ಬತ್ತಿಗೆ ತುಪ್ಪ ಸವರಿ, ನಳಿಗೆಯ ಮೂಲಕ ಸೇದಬೇಕೆಂದು ಅಲ್ಲಿ ಹೇಳಿದೆ. ಆದರೆ ಹೊಗೆಯನ್ನು ಮೂಗಿನಿಂದ ಹೊರಬಿಡಬಾರದು, ಅದು ಕಣ್ಣಿಗೆ ಕೇಡು. ಹೊತ್ತಲ್ಲದ ಹೊತ್ತಿನಲ್ಲಿ ಸೇದಬಾರದು. ಇಂತಿಂಥವರು ಸೇದಲೇಬಾರದು ಎಂಬ ನಿಷೇಧಗಳೂ ಅದೇ ಅಧ್ಯಾಯದಲ್ಲಿವೆ. ಪೂರ್ವಿಕರನ್ನು ಸಾಕ್ಷಿಗೆ ಕರೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಓದುವುದಿಲ್ಲ. ಇದಕ್ಕಿಂತ ಬೇರೆಯಾದುದು ಧೂಪನ. ಗುಗ್ಗುಳ, ಸಾಸಿವೆ, ಬೇವಿನ ಎಲೆ ಮುಂತಾದವುಗಳ ಹೊಗೆಯನ್ನು ಕೋಣೆಗೂ ಹಾಸಿಗೆಗೂ ಹಾಯಿಸುವ ಕ್ರಮವದು. ಕಾಶ್ಯಪಸಂಹಿತೆಯಲ್ಲಿ ಇದಕ್ಕೆಂದೇ ಧೂಪಕಲ್ಪವೆಂಬ ಅಧ್ಯಾಯವಿದೆ. ಧೂಮಪಾನ, ಧೂಪನಗಳ ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಸುಗಂಧದ ವಿಷಯದಲ್ಲಿ ಈ ನಾಡು ಆದಿಲಶಾಹಿಗಳಿಗಿಂತ ಮೊದಲೇ ಪ್ರವೀಣವಾಗಿತ್ತು. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಅದರ ವಿಚಾರ ಬಂದಿದೆ. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ (1580–1627) ಈ ಆಸಕ್ತಿ ಮತ್ತೊಮ್ಮೆ ಉಚ್ಛ್ರಾಯಕ್ಕೇರಿತು. ‘ಇತ್ರ್-ಇ-ನೌರಸ್ ಶಾಹಿ’ ಎಂಬ ಫಾರಸಿ ಸುಗಂಧಗ್ರಂಥ ರಚಿತವಾದದ್ದು ಇವನಿಗಾಗಿಯೇ. ಸುವಾಸನೆಯು ಹೃದಯಕ್ಕೂ ಮೆದುಳಿಗೂ ಬಲವೆಂಬುದು ಯುನಾನಿ ವೈದ್ಯರ ಸಿದ್ಧಾಂತವಾದುದರಿಂದ ಅತ್ತರಿನ ಅಂಗಡಿಗೂ ಔಷಧದ ಅಂಗಡಿಗೂ ಆಗ ಹೆಚ್ಚು ದೂರವಿರಲಿಲ್ಲ. 1589ರಲ್ಲಿ ಇಲ್ಲಿಗೆ ಬಂದ ಇತಿಹಾಸಕಾರ ಫಿರಿಸ್ತಾ ವೈದ್ಯನೂ ಆಗಿದ್ದನು. ಭಾರತೀಯ ವೈದ್ಯವನ್ನು ಫಾರಸಿ ಬಲ್ಲವರಿಗೆ ತಿಳಿಸಲು ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನು ಬರೆದನು. 1599ರಲ್ಲಿ ಇಬ್ರಾಹಿಮನು ನಗರದ ಪಶ್ಚಿಮಕ್ಕೆ, ಇಂದು ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ತೊರವೆಯ ಬಳಿ, ನೌರಸಪುರವನ್ನು ಕಟ್ಟಲು ತೊಡಗಿದನು. ಕುಮಾರವಾಲ್ಮೀಕಿಯ ತೊರವೆಯೂ ಇದೇ.

ಇಂಥ ನಗರಕ್ಕೆ ಅಕಬರನ ದೂತನಾಗಿ ಅಸದ್ ಬೇಗ್ ಬಂದನು. ಇಬ್ರಾಹಿಮನ ಮಗಳನ್ನು ಶಹಜಾದೆ ದಾನಿಯಾಲನಿಗೆ ಮದುವೆ ಮಾಡಿಸಲು 1604ರ ಸುಮಾರಿಗೆ ಕರೆದೊಯ್ಯುವುದು ಅವನ ಕೆಲಸವಾಗಿತ್ತು. ಪೇಟೆಯ ವೈಭವವನ್ನೂ ಸುಗಂಧದ್ರವ್ಯಗಳನ್ನೂ ಅವನು ಬೆರಗಾಗಿ ವರ್ಣಿಸಿದ್ದಾನೆ. ಹಿಂದೂಸ್ಥಾನದಲ್ಲಿ ತಾನು ಅದುವರೆಗೆ ಕಾಣದಿದ್ದ ತಂಬಾಕು ಅವನಿಗೆ ಇಲ್ಲಿ ಸಿಕ್ಕಿತು. ಅಚೀನಿನಿಂದ ಬಂದ ಮೂರು ಮೊಳದ ನಳಿಗೆಗೆ ರತ್ನ ಕೂಡಿಸಿ, ಯಮನದ ಅಕೀಕಿನ ಬಾಯಿಯನ್ನು ಜೋಡಿಸಿ, ಇಬ್ರಾಹಿಮನು ಕೊಟ್ಟಿದ್ದ ಎಲೆಯಡಕೆಯ ಚೀಲದಲ್ಲಿ ತಂಬಾಕು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಅಕಬರನಿಗೆ ಒಪ್ಪಿಸಿದನು. ಇದೇನೆಂದು ಬಾದಶಹನು ಕೇಳಲು, ಇದು ಮಕ್ಕಾ ಮದೀನಗಳಲ್ಲಿ ಪ್ರಸಿದ್ಧವಾದುದೆಂದೂ ಔಷಧವಾಗಿ ತರಲಾಗಿದೆಯೆಂದೂ ಖಾನ್-ಇ-ಆಜಂ ತಿಳಿಸಿದನು. ಅಕಬರನು ಎರಡು ಮೂರು ಸಲ ಸೇದುವಷ್ಟರಲ್ಲಿ ರಾಜವೈದ್ಯನು ಅಡ್ಡಬಂದನು. ಗ್ರಂಥಗಳಲ್ಲಿ ಹೆಸರಿಲ್ಲದ, ಪರೀಕ್ಷೆಯಾಗದ ವಸ್ತುವಿನ ಗುಣವನ್ನು ಹೇಗೆ ಹೇಳುವುದೆಂಬುದು ಅವನ ಆಕ್ಷೇಪ. ಲೋಕದ ಪ್ರತಿಯೊಂದು ರೂಢಿಯೂ ಒಮ್ಮೆ ಹೊಸದೇ ಆಗಿತ್ತು, ಫರಂಗಿಯ ಪಂಡಿತರು ತಿಳಿಯದವರಲ್ಲ ಎಂಬುದು ಅಸದ್ ಬೇಗನ ಉತ್ತರ. ಬಾದಶಹನು ಅಸದನ ಜಾಣ್ಮೆಯನ್ನು ಹೊಗಳಿದನು. ಆದರೆ ತಾನು ಆ ಚಟವನ್ನು ಹಚ್ಚಿಕೊಳ್ಳಲಿಲ್ಲ. ಅಮೀರರು ಹಚ್ಚಿಕೊಂಡರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಬೇಕಾಗಿ ಬಂದಿತು, ನಿಷೇಧ ಫಲಿಸಲಿಲ್ಲ.

ಅಸದ್ ಬೇಗನನ್ನು ಪ್ರಗತಿಪರನೆಂದೂ ವೈದ್ಯನನ್ನು ಹಳೆಯ ಗ್ರಂಥಗಳಿಗೆ ಕಟ್ಟುಬಿದ್ದವನೆಂದೂ ಎಣಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಅನುಭವದಿಂದಲೇ ಗುಣವನ್ನು ನಿರ್ಣಯಿಸಬೇಕೆಂದ ಅಸದನು ಅಂಥ ಅನುಭವವನ್ನು ತಾನೇ ಒದಗಿಸಲಿಲ್ಲ. ಫರಂಗಿಯವರ ಪ್ರಮಾಣವನ್ನು ಮುಂದಿಟ್ಟನು. ವೈದ್ಯನಾದರೋ ಪರೀಕ್ಷೆಯಾಗಿಲ್ಲವೆಂಬ ಒಂದೇ ಮಾತನ್ನು ಬಿಡದೆ ಹಿಡಿದನು, ಒಂಟಿಯಾದನು. ಹುಕ್ಕಾದ ನೀರು ಹೊಗೆಯನ್ನು ಶುದ್ಧಗೊಳಿಸುವುದೆಂದು ಅದನ್ನು ಹಕೀಂ ಅಬುಲ್ ಫತಹ್ ಗೀಲಾನಿ ಕಂಡುಹಿಡಿದನೆಂಬ ಐತಿಹ್ಯವೊಂದಿದೆ. ಅವನು 1589ರಲ್ಲಿಯೇ ತೀರಿಕೊಂಡನು. ಅಸದ್ ಬೇಗನ ತಂಬಾಕು ಅದಾದ ಹದಿನೈದು ವರ್ಷಗಳ ಮೇಲಿನದು. ಆದುದರಿಂದ ಐತಿಹ್ಯವನ್ನು ಒಪ್ಪುವುದು ಕಷ್ಟ. ವೈದ್ಯನೊಬ್ಬನ ಹೆಸರು ಸೇರಿದರೆ ಹೊಗೆಗೆ ಮಾನ ಬರುವುದೆಂಬುದಕ್ಕೆ ಮಾತ್ರ ಅದು ಒಳ್ಳೆಯ ಸಾಕ್ಷಿ.

ಅದೇ ವಾದ ಇಂದು ತೈಲಗಳ ವಿಷಯದಲ್ಲಿ ಕೇಳಿಬರುತ್ತಿದೆ. 2019ರಲ್ಲಿ ಅಮೆರಿಕದಲ್ಲಿ ಇಂಥ ಉಪಕರಣಗಳಿಂದ ಆವಿ ಸೇದಿದವರಿಗೆ ಶ್ವಾಸಕೋಶದ ತೀವ್ರ ಹಾನಿಯುಂಟಾಗಿ, 2020ರ ಫೆಬ್ರವರಿಯ ವೇಳೆಗೆ 2,807 ಪ್ರಕರಣಗಳೂ 68 ಸಾವುಗಳೂ ದಾಖಲಾದವು. ಅದಕ್ಕೆ ಬಲವಾಗಿ ಸಂಬಂಧ ಕಂಡುಬಂದ ದ್ರವ್ಯ ವಿಟಮಿನ್ ಇ ಅಸಿಟೇಟ್. ಹೊಟ್ಟೆಗೆ ತೆಗೆದುಕೊಂಡರೆ, ಚರ್ಮಕ್ಕೆ ಹಚ್ಚಿದರೆ ಸಾಮಾನ್ಯವಾಗಿ ಬಾಧಿಸದ ಎಣ್ಣೆಯದು. ಕರ್ನಾಟಕವು 2016ರಲ್ಲಿ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯಿದೆಯ ಲಕ್ಷಣವಾಕ್ಯದಲ್ಲಿ ನಿಕೋಟಿನ್ ಇಲ್ಲದ ಆವಿಯ ಉಪಕರಣಗಳೂ ಸೇರುತ್ತವೆ. ಮೂಲಿಕೆಯದೆಂದ ಮಾತ್ರಕ್ಕೆ ವಿನಾಯಿತಿಯಿಲ್ಲ.

ತಿಕೋಟಾ, ಬಬಲೇಶ್ವರಗಳ ಕಡೆಯ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಕೆಂಡದ ಮೇಲೆ ಲೋಬಾನ, ಅಜವಾನ ಹಾಕಿ ಹೊಗೆ ಕೊಡುವ ವಾಡಿಕೆಯನ್ನು ಚರಕನ ಬತ್ತಿಯೊಡನೆ ಜೋಡಿಸಿ, ಇದೂ ಅದೇ ಎಂದು ಹೇಳುವುದುಂಟು. ಅದು ಸರಿಯಲ್ಲ. ಈ ವಾಡಿಕೆ ಧೂಪಕಲ್ಪದ ಸಂತತಿ. ಹಾಸಿಗೆಗೆ, ಬಟ್ಟೆಗೆ, ಕೋಣೆಗೆ ಉದ್ದೇಶಿಸಿದ್ದು. ಕೂಸಿನ ಎಳೆಯ ಶ್ವಾಸಕೋಶಕ್ಕೆ ಆ ಹೊಗೆ ಹಾನಿಕರವೆಂದು ಇಂದಿನ ಶಿಶುವೈದ್ಯರು ಹೇಳುತ್ತಾರೆ. ಕೋಣೆಗೆ ಮೊದಲು ಹೊಗೆ ಹಾಯಿಸಿ, ಬಾಗಿಲು ತೆರೆದಿಟ್ಟು, ಅದು ಪೂರ್ತಿ ಹೊರಟುಹೋದ ಮೇಲೆ ತಾಯಿಮಗುವನ್ನು ಒಳಗೆ ಕರೆದುಕೊಂಡರೆ ಧೂಪಕಲ್ಪದ ಉದ್ದೇಶಕ್ಕೆ ಯಾವ ಲೋಪವೂ ಬಾರದು.