ಕೆರೆಯಿಂದ ಕಡಲಿಗೆ

ನನ್ನ ಹಳೆಯ ಲ್ಯಾಪ್‌ಟಾಪಿನೊಳಗೆ ಕೆಲವು ತಿಂಗಳ ಕಾಲ ಮೂರು ಊರುಗಳಿದ್ದವು. ತುಮಕೂರು, ಗುಬ್ಬಿ, ಕುಣಿಗಲ್. ಒಂದೇ ಯಂತ್ರದಲ್ಲಿ ಓಡುತ್ತಿದ್ದ ಮೂರು ಕಂಟೇನರ್‌ಗಳಿಗೆ ನಾನಿಟ್ಟ ಹೆಸರುಗಳವು. ಹಲವು ಯಂತ್ರಗಳಲ್ಲಿ ಕಡತಗಳನ್ನು ಹಂಚಿಡುವ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯುವ ಹುಚ್ಚು ಹಿಡಿದಿತ್ತು. ಮೂರು ಸರ್ವರ್ ಕೊಳ್ಳುವ ಶಕ್ತಿ ಇರಲಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನನ್ನಂಥವನಿಗೆ ಇದ್ದದ್ದು ಒಂದು ಲ್ಯಾಪ್‌ಟಾಪು, ಸೀಟು ಸಿಕ್ಕಿದರೆ ಒಂದೂವರೆ ಗಂಟೆ.

ಈ ಬರಹ ಆ ಕಲಿಕೆಯದು. ಆದರೆ ಕಲಿಯುತ್ತ ಹೋದಂತೆ ಅದರ ಹಿಂದಿನ ಚರಿತ್ರೆ ನನ್ನನ್ನು ಹೆಚ್ಚು ಹಿಡಿಯಿತು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ರೈಲು ನಿಲ್ಲುವ ಬೆಂಗಳೂರಿನಲ್ಲೇ ಎಂದು ಗೊತ್ತಾದ ಮೇಲಂತೂ ಬಿಡಲಾಗಲಿಲ್ಲ.

ಶೇಖರಣೆಯನ್ನು ಹಂಚಿ ಇಡುವುದು ನಮ್ಮ ಸೀಮೆಗೆ ಹೊಸ ವಿಚಾರವಲ್ಲ. ತುಮಕೂರು ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಮಳೆ ಬಂದರೆ ಹರಿಯುತ್ತದೆ, ಇಲ್ಲದಿದ್ದರೆ ಮರಳು. ಅದಕ್ಕೇ ಹಿಂದಿನವರು ನೀರನ್ನು ಒಂದೇ ಕಡೆ ಹಿಡಿಯಲು ಹೋಗದೆ ಊರೂರಿಗೂ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಶಿಂಷೆಯನ್ನೇ ತಡೆದು ನಿಲ್ಲಿಸಿದೆ. ಹೊಳೆ ಅಲ್ಲಿಂದ ಮುಂದೆ ತುರುವೇಕೆರೆ, ಕುಣಿಗಲ್ ಸೀಮೆ ಹಾಯ್ದು, ಮಾರ್ಕೋನಹಳ್ಳಿ ಜಲಾಶಯ ದಾಟಿ ಮಂಡ್ಯ ಜಿಲ್ಲೆಯಲ್ಲಿ ಕಾವೇರಿಯ ಹಾದಿ ಹಿಡಿಯುತ್ತದೆ. ಒಂದು ಏರಿ ಒಡೆದರೂ ಇಡೀ ಸೀಮೆಯ ನೀರು ಒಂದೇ ರಾತ್ರಿಯಲ್ಲಿ ಹೋಗುವುದಿಲ್ಲ. ಏರಿ, ತೂಬು, ಕೋಡಿ ಇವುಗಳಷ್ಟೇ ಮುಖ್ಯವಾಗಿ ಇನ್ನೊಬ್ಬನಿದ್ದ: ನೀರುಗಂಟಿ. ಯಾವ ತೂಬು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎನ್ನುವ ಲೆಕ್ಕ ಅವನದು. ಈ ನೀರುಗಂಟಿಯ ಮಾತು ಮುಂದೆ ಮತ್ತೆ ಬರುತ್ತದೆ.

ಕಂಪ್ಯೂಟರ್ ಲೋಕದಲ್ಲಿ ಕಡತಗಳನ್ನು ಮೊದಲು ಒಂದೇ ದೊಡ್ಡ ಯಂತ್ರದಲ್ಲಿಟ್ಟು ಉಳಿದವರು ಅದನ್ನು ದೂರದಿಂದ ಬಳಸುತ್ತಿದ್ದರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ತಂದ ಎನ್‌ಎಫ್‌ಎಸ್ ಅಂಥದ್ದು. ಆ ಯಂತ್ರ ಕೆಟ್ಟರೆ ಎಲ್ಲರ ಕೆಲಸವೂ ನಿಂತಿತು. 2003ರಲ್ಲಿ ಗೂಗಲ್‌ನ ಸಂಜಯ್ ಘೇಮಾವತ್, ಹೊವರ್ಡ್ ಗೊಬಿಯಾಫ್ ಮತ್ತು ಶುನ್-ಟಾಕ್ ಲಿಯಂಗ್ ತಮ್ಮ ಸಂಸ್ಥೆಯ ಕಡತವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಗ್ಗದ ಯಂತ್ರಗಳು ಕೆಡುವುದು ಅಪರೂಪವಲ್ಲ, ಅದು ದಿನನಿತ್ಯದ ಸಂಗತಿ ಎಂದು ಒಪ್ಪಿಕೊಂಡೇ ಅವರು ಶುರುಮಾಡಿದ್ದರು. ಪ್ರತಿ ತುಣುಕಿಗೂ ಮೂರು ಪ್ರತಿ. ಯಾವುದು ಎಲ್ಲಿದೆ ಎಂದು ಹೇಳಲು ಒಬ್ಬ ಯಜಮಾನ ಯಂತ್ರ. 2006ರಲ್ಲಿ ಸೇಜ್ ವೈಲ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಿಂದ ಸೆಫ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು.

ಇದೇ ಕಾಲದಲ್ಲಿ, 2005ರಲ್ಲಿ, ಗ್ಲಸ್ಟರ್ ಹುಟ್ಟಿತು. ಅನಂದ್ ಬಾಬು ಪೆರಿಯಸ್ವಾಮಿ ಮತ್ತು ಹಿತೇಶ್ ಚೆಲ್ಲಾನಿ ಅದರ ಸ್ಥಾಪಕರು. ಗ್ನೂ ಮತ್ತು ಕ್ಲಸ್ಟರ್ ಎಂಬ ಎರಡು ಪದ ಕೂಡಿದ ಹೆಸರು. ಕಚೇರಿ ಕ್ಯಾಲಿಫೋರ್ನಿಯಾದಲ್ಲಿದ್ದರೂ ತಂತ್ರಾಂಶ ಬರೆಯುವ ತಂಡ ಬೆಂಗಳೂರಿನಲ್ಲಿತ್ತು. ಗ್ಲಸ್ಟರ್‌ನವರು ಒಂದು ದಿಟ್ಟ ತೀರ್ಮಾನ ಮಾಡಿದರು. ಯಜಮಾನ ಯಂತ್ರವೇ ಬೇಡ ಎಂದರು. ಕಡತದ ಹೆಸರನ್ನು ಒಂದು ಗಣಿತ ಸೂತ್ರಕ್ಕೆ ಕೊಟ್ಟರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಯಾವ ಯಂತ್ರದ ಪಾಲಿನದೋ ಕಡತ ಅಲ್ಲಿರುತ್ತದೆ. ಕೇಳುವವನೇ ಲೆಕ್ಕ ಹಾಕಿಕೊಂಡು ನೇರವಾಗಿ ಹೋಗಬಹುದು. ಕಡತಗಳು ಕೂರುವ ಜಾಗಕ್ಕೆ ಅವರಿಟ್ಟ ಹೆಸರು ಬ್ರಿಕ್, ಅಂದರೆ ಇಟ್ಟಿಗೆ. ಇಟ್ಟಿಗೆಗಳು ಸೇರಿದರೆ ಒಂದು ವಾಲ್ಯೂಮ್. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಗ್ಲಸ್ಟರ್ ಕೊಂಡಿತು. ಮೂರು ವರ್ಷಕ್ಕೆ ಸೆಫ್‌ನ ಹಿಂದಿದ್ದ ಇಂಕ್‌ಟ್ಯಾಂಕ್ ಸಂಸ್ಥೆಯನ್ನೂ ಕೊಂಡಿತು. ಒಂದೇ ಮನೆಗೆ ಇಬ್ಬರು ಸೊಸೆಯಂದಿರು ಬಂದಂತಾಯಿತು.

ಇನ್ನು ಕಂಟೇನರಿನ ಕತೆ. ಅದನ್ನು ನನಗೆ ಅರ್ಥಮಾಡಿಸಿದ್ದು ಗುಬ್ಬಿ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಗೆ ಬಂದು ನಾಡಿನುದ್ದಕ್ಕೂ ಹೆಸರಾಯಿತು. ಕಂಪನಿ ಒಂದೂರಿನಲ್ಲಿ ಮೊಕ್ಕಾಂ ಮುಗಿಸಿದರೆ ಪರದೆ, ಸೀನು, ಕಿರೀಟ, ಗದೆ, ಹಾರ್ಮೋನಿಯಂ, ಅಡುಗೆ ಪಾತ್ರೆ ಎಲ್ಲವೂ ಪೆಟ್ಟಿಗೆ ಸೇರಬೇಕು. ಮುಂದಿನ ಊರಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಅದೇ ದರ್ಬಾರು, ಅದೇ ಕಾಡು, ಅದೇ ಬೀದಿ. ಊರು ಕೊಡಬೇಕಾದದ್ದು ನೆಲ, ನೀರು, ಪ್ರೇಕ್ಷಕರು. ಕಂಟೇನರ್ ಎಂದರೆ ಇಷ್ಟೇ. ಒಂದು ತಂತ್ರಾಂಶ ಓಡಲು ಬೇಕಾದ ಕಡತ, ಗ್ರಂಥಾಲಯ, ಹೊಂದಿಕೆ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಕಟ್ಟಿಡುವುದು. ನೆಲ ಮಾತ್ರ ಆತಿಥೇಯ ಯಂತ್ರದ್ದು. ಅದರ ಲಿನಕ್ಸ್ ಕರ್ನಲ್ ಅನ್ನೇ ಎಲ್ಲ ಪೆಟ್ಟಿಗೆಗಳೂ ಹಂಚಿಕೊಳ್ಳುತ್ತವೆ.

ಹೆಸರು ಬಂದದ್ದು ಹಡಗಿನಿಂದ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಐಡಿಯಲ್ ಎಕ್ಸ್ ಎಂಬ ಹಡಗು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಕಂಪ್ಯೂಟರಿನಲ್ಲಿ ಈ ಯೋಚನೆ ನಿಧಾನವಾಗಿ ಕೂಡಿಕೊಂಡಿತು. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಗೆ ಬಂದ ಸಿಎಚ್‌ರೂಟ್ ಎಂಬ ಸೌಲಭ್ಯ ಒಂದು ಕಾರ್ಯಕ್ರಮಕ್ಕೆ ಬೇರೆಯದೇ ಕಡತಲೋಕವನ್ನು ತೋರಿಸುತ್ತಿತ್ತು. 2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್ ಬಂತು. 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಆರಂಭಿಸಿದ ಕೆಲಸ 2008ರಲ್ಲಿ ಸಿಗ್ರೂಪ್ಸ್ ಎಂದು ಲಿನಕ್ಸ್ ಸೇರಿತು. ಯಾವ ಗುಂಪು ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಬಳಸಬೇಕು ಎಂದು ಮಿತಿ ಹಾಕಲು ಸಾಧ್ಯವಾಯಿತು. 2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಒಂದು ಪೈಥಾನ್ ಸಮ್ಮೇಳನದಲ್ಲಿ ಐದು ನಿಮಿಷದ ಮಾತಿನಲ್ಲಿ ಡಾಕರ್ ಅನ್ನು ತೋರಿಸಿದರು. ಮರುವರ್ಷ ಗೂಗಲ್ ಕುಬರ್ನೆಟಿಸ್ ಪ್ರಕಟಿಸಿತು. ಪೆಟ್ಟಿಗೆ ಕಟ್ಟುವುದು ಡಾಕರ್ ಕೆಲಸವಾದರೆ, ನೂರಾರು ಪೆಟ್ಟಿಗೆಗಳನ್ನು ಯಾವ ಊರಲ್ಲಿ ಇಳಿಸಬೇಕು, ಒಂದು ಒಡೆದರೆ ಬದಲಿ ಎಲ್ಲಿಂದ ತರಬೇಕು ಎಂದು ನೋಡುವ ಮ್ಯಾನೇಜರಿಕೆ ಕುಬರ್ನೆಟಿಸ್‌ನದು.

ಆದರೆ ಶೇಖರಣೆಯ ತಂತ್ರಾಂಶವನ್ನು ಪೆಟ್ಟಿಗೆಯೊಳಗೆ ಕೂರಿಸುವುದು ಸಲೀಸಲ್ಲ. ಗುಬ್ಬಿ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದದ್ದು ಎಲ್ಲರೂ ಬಲ್ಲ ಸಂಗತಿ. ಕಿರೀಟ ಪೆಟ್ಟಿಗೆಗೆ ಹಿಡಿಯುತ್ತದೆ, ಆನೆ ಹಿಡಿಯುವುದಿಲ್ಲ. ಅದಕ್ಕೆ ನೆಲವೂ ಗಟ್ಟಿಯಿರಬೇಕು. ಗ್ಲಸ್ಟರ್ ನನಗೆ ಅಂಥ ಆನೆಯಾಯಿತು.

ಮೊದಲ ದಿನವೇ ಅದು ಮುಷ್ಕರ ಹೂಡಿತು. ಗ್ಲಸ್ಟರ್ ತನ್ನ ಪ್ರತಿ ಕಡತದ ಬೆನ್ನಿಗೆ ಗುಪ್ತ ಗುರುತುಗಳನ್ನು ಅಂಟಿಸುತ್ತದೆ. ಆ ಗುರುತು ಅಂಟಿಸಲು ಆಡಳಿತದ ಅಧಿಕಾರ ಬೇಕು. ಕಂಟೇನರಿನ ಪದರ ಪದರವಾದ ಕಡತಲೋಕ ಅದಕ್ಕೆ ಒಪ್ಪಲಿಲ್ಲ. ಹೊರಗಿನ ಯಂತ್ರದ ಒಂದು ಫೋಲ್ಡರನ್ನು ಒಳಕ್ಕೆ ಜೋಡಿಸಿ, ಕಂಟೇನರಿಗೆ ವಿಶೇಷ ಅಧಿಕಾರ ಕೊಟ್ಟ ಮೇಲೆ ಬ್ರಿಕ್ ಸಿದ್ಧವಾಯಿತು. ಈ ಅಧಿಕಾರ ಕೊಟ್ಟರೆ ಪೆಟ್ಟಿಗೆಯ ಗೋಡೆ ತೆಳ್ಳಗಾಗುತ್ತದೆ. ಕಲಿಯುವ ಯಂತ್ರದಲ್ಲಿ ಸರಿ, ಊರಿಗೆ ಸೇವೆ ಕೊಡುವ ಯಂತ್ರದಲ್ಲಿ ಎರಡು ಸಲ ಯೋಚಿಸಬೇಕು.

ಎರಡನೆಯ ತೊಂದರೆ ನಾನೇ ತಂದುಕೊಂಡದ್ದು. ‘ತುಮಕೂರು’ ಕಂಟೇನರನ್ನು ಪೂರ್ತಿ ಸಿದ್ಧಪಡಿಸಿ, ಪರೀಕ್ಷೆಯನ್ನೂ ಮಾಡಿ, ಅದರ ನಕಲು ತೆಗೆದು ‘ಗುಬ್ಬಿ’, ‘ಕುಣಿಗಲ್’ ಮಾಡಿದೆ. ಮೂರನ್ನೂ ಒಂದು ಬಳಗಕ್ಕೆ ಸೇರಿಸಲು ಹೋದರೆ ತಂತ್ರಾಂಶ ಒಪ್ಪದು. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಪ್ರತಿ ಗ್ಲಸ್ಟರ್ ಯಂತ್ರವೂ ತನಗೊಂದು ಗುರುತಿನ ಸಂಖ್ಯೆ ಸೃಷ್ಟಿಸಿಕೊಂಡು ಒಂದು ಕಡತದಲ್ಲಿ ಬರೆದಿಡುತ್ತದೆ. ನಕಲಿನ ಜೊತೆ ಆ ಸಂಖ್ಯೆಯೂ ನಕಲಾಗಿತ್ತು. ಮೂವರೂ ಒಂದೇ ಆಧಾರ್ ಹಿಡಿದು ನಿಂತ ಹಾಗೆ! ‘ಗುಬ್ಬಿ’ ಬಂದು ಕದ ತಟ್ಟಿದರೆ, ‘ನೀನು ನಾನೇ ಅಲ್ಲವೇ’ ಎನ್ನುತ್ತಿತ್ತು ‘ತುಮಕೂರು’. ಆ ಕಡತ ಅಳಿಸಿ ಮತ್ತೆ ಶುರುಮಾಡಿದಾಗ ಮೂರು ಊರೂ ಒಂದನ್ನೊಂದು ಗುರುತಿಸಿದವು.

ಮೂರೇ ಏಕೆ ಎಂದು ಗೆಳೆಯರು ಕೇಳುತ್ತಿದ್ದರು. ಎರಡು ಪ್ರತಿ ಸಾಲದೇ? ಸಾಲದು. ಎರಡು ಊರಿನ ನಡುವಿನ ತಂತಿ ಕಡಿದಾಗ ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಶಾನುಭೋಗರು ಬೇರೆ ಬೇರೆ ಬರೆದರೆ, ತಂತಿ ಕೂಡಿದ ಮೇಲೆ ಯಾರದು ನಿಜ ಎಂದು ಹೇಳುವವರು ಯಾರು? ತಂತ್ರಜ್ಞರು ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಮೂರು ಇದ್ದರೆ ಇಬ್ಬರ ಮಾತು ನಡೆಯುತ್ತದೆ. 2015ರಲ್ಲಿ ಗ್ಲಸ್ಟರ್ ಇನ್ನೊಂದು ಉಪಾಯ ತಂದಿತು: ಮೂರನೆಯವನು ಕಡತದ ಹೂರಣ ಇಟ್ಟುಕೊಳ್ಳಬೇಕಿಲ್ಲ, ಹೆಸರು ಮತ್ತು ಗುರುತು ಇಟ್ಟುಕೊಂಡರೆ ಸಾಕು. ನಮ್ಮ ಹಳ್ಳಿಯ ಪಂಚಾಯ್ತಿಕೆಯಂತೆ. ನ್ಯಾಯ ಹೇಳುವವನ ಹತ್ತಿರ ಹಣ ಇರಬೇಕಾಗಿಲ್ಲ, ವ್ಯವಹಾರ ಗೊತ್ತಿದ್ದರೆ ಸಾಕು.

ಇಷ್ಟರಲ್ಲಿ ನನ್ನ ಹೆಮ್ಮೆ ಬೆಳೆದಿತ್ತು. ಗುಬ್ಬಿಯ ಗೆಳೆಯನೊಬ್ಬ ಹಳೆಯ ನಾಟಕಗಳ ಕರಪತ್ರಗಳನ್ನು ಮನೆಮನೆಗೆ ಹೋಗಿ ಹುಡುಕಿ ಸ್ಕ್ಯಾನ್ ಮಾಡುತ್ತಿದ್ದ. ‘ನನ್ನ ಹತ್ತಿರ ಕೊಡು ಮಾರಾಯ, ಮೂರು ಪ್ರತಿ ಇರುತ್ತೆ’ ಎಂದೆ. ಕೊಟ್ಟ. ಚಿತ್ರಗಳು ಮೂರೂ ಊರುಗಳಲ್ಲಿ ಕೂತವು. ‘ಕುಣಿಗಲ್’ ಅನ್ನು ನಿಲ್ಲಿಸಿ ತೋರಿಸಿದೆ, ಚಿತ್ರ ತೆರೆಯಿತು. ಮತ್ತೆ ಶುರುಮಾಡಿದೆ, ಇಲ್ಲದ ಹೊತ್ತಿನಲ್ಲಿ ಬಂದ ಕಡತವನ್ನು ಅದು ತಾನೇ ಕೇಳಿ ಪಡೆಯಿತು. ಗೆಳೆಯ ತಲೆದೂಗಿದ. ತನ್ನ ಫೋನಿನಲ್ಲಿ ಜಾಗವಿಲ್ಲವೆಂದು ಕೊನೆಯ ಕೆಲವು ಚಿತ್ರಗಳನ್ನು ಅಲ್ಲಿಂದ ಅಳಿಸಿದ.

ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಡಿಸ್ಕ್ ಸತ್ತಿತ್ತು. ಮೂರು ಊರೂ ಒಟ್ಟಿಗೆ ಹೋದವು. ಮೂರು ಪ್ರತಿ ಇದ್ದದ್ದು ನಿಜ. ಮೂರೂ ಇದ್ದದ್ದು ಒಂದೇ ತಗಡಿನ ಮೇಲೆ. ಒಂದೇ ಕೆರೆಗೆ ಮೂರು ಹೆಸರಿಟ್ಟು ಮೂರು ಕೆರೆ ಎಂದುಕೊಂಡಿದ್ದೆ. ಹೆಚ್ಚಿನ ಚಿತ್ರಗಳು ಗೆಳೆಯನ ಹಳೆಯ ಪೆನ್‌ಡ್ರೈವಿನಲ್ಲಿ ಸಿಕ್ಕವು. ಹನ್ನೊಂದು ಸಿಗಲಿಲ್ಲ. ಅವುಗಳ ಮೂಲ ಇದ್ದ ಮನೆಗೆ ಮತ್ತೆ ಹೋದೆವು. ಮನೆ ಕೆಡವಿದ್ದರು. ಕಾಗದವೆಲ್ಲ ಗುಜರಿಗೆ ಹೋಗಿತ್ತು. ಗೆಳೆಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಲಿಯಲು ಕಟ್ಟಿದ ಮಾದರಿಯನ್ನು ಕಣಜ ಎಂದು ನಂಬಿದ್ದು ನನ್ನ ತಪ್ಪು. ಗ್ಲಸ್ಟರ್ ಹೇಳಿದಂತೆಯೇ ನಡೆದುಕೊಂಡಿತ್ತು. ಯಂತ್ರಗಳು ಬೇರೆ ಬೇರೆ ಎಂದು ನಾನು ಹೇಳಿದ ಸುಳ್ಳನ್ನು ಅದು ನಂಬಿತ್ತು.

ಆಮೇಲೆ ಈ ತಂತ್ರಾಂಶದ ಮುಂದಿನ ಕತೆ ಓದಿದಾಗ ಒಂದು ಹೆಸರು ಕಣ್ಣಿಗೆ ಬಿತ್ತು: ಕಡಲು. ಗ್ಲಸ್ಟರ್ ಕಟ್ಟಿದ ತಂಡದ ಕೆಲವು ಎಂಜಿನಿಯರುಗಳು ಬೆಂಗಳೂರಿನಲ್ಲೇ ಆರಂಭಿಸಿದ, ಕುಬರ್ನೆಟಿಸ್‌ನೊಳಗೆ ಗ್ಲಸ್ಟರ್ ಓಡಿಸುವ ಯೋಜನೆ. ಹೆಸರು ಅಚ್ಚಕನ್ನಡದ ಕಡಲು. ಜಗತ್ತಿನ ಯಾವ ಮೂಲೆಯವನು ಅದನ್ನು ಬಳಸಿದರೂ ಈ ಪದ ಟೈಪಿಸಲೇಬೇಕು. ನಾನು ಎರಡು ಸಂಜೆ ಒದ್ದಾಡಿದ ತೊಡಕಿಗೆ ಅವರ ಉತ್ತರ ಸರಳವಾಗಿತ್ತು. ಯಂತ್ರಗಳ ಬಳಗ ನೋಡಿಕೊಳ್ಳುವ ಗ್ಲಸ್ಟರ್‌ನ ಹಳೆಯ ಮೇಲ್ವಿಚಾರಕನನ್ನೇ ಬಿಟ್ಟುಬಿಟ್ಟರು. ಪೆಟ್ಟಿಗೆಗಳ ಲೆಕ್ಕ ಹೇಗೂ ಕುಬರ್ನೆಟಿಸ್ ಇಡುತ್ತದೆ. ಒಂದು ಕಂಪನಿಗೆ ಇಬ್ಬರು ಮ್ಯಾನೇಜರು ಏಕೆ?

ಇತ್ತ ಗ್ಲಸ್ಟರ್‌ನ ದಿನಗಳು ಬದಲಾಗುತ್ತಿದ್ದವು. ಅದರ 11ನೆಯ ಆವೃತ್ತಿ 2023ರಲ್ಲಿ ಬಂತು. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲವನ್ನು 2024ರ ಕೊನೆಗೆ ಮುಗಿಸಿತು. ಮುಕ್ತ ತಂತ್ರಾಂಶವಾದ್ದರಿಂದ ಅದರ ಸಾಲುಗಳು ಎಲ್ಲಿಗೂ ಹೋಗಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಸಂಬಳ ಕೊಟ್ಟು ದಿನವೂ ಅದನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾದವು.

ಇಲ್ಲಿ ನೀರುಗಂಟಿ ನೆನಪಾಗುತ್ತಾನೆ. ನಮ್ಮ ಸೀಮೆಯ ಕೆರೆಗಳು ಹಾಳಾದದ್ದು ಏರಿ ಕಟ್ಟಿದವರ ಲೆಕ್ಕ ತಪ್ಪಿದ್ದರಿಂದಲ್ಲ. ಹೂಳು ಎತ್ತುವವರು, ತೂಬು ನೋಡುವವರು, ಕಾಲುವೆಯ ಗಿಡ ಕೀಳುವವರು ಇಲ್ಲವಾದಾಗ ಕೆರೆಯೊಂದು ಮೈದಾನವಾಗುತ್ತದೆ, ಆಮೇಲೆ ಬಡಾವಣೆಯಾಗುತ್ತದೆ. ಇವತ್ತು ತುಮಕೂರು ನಗರ ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆಗೆ ಹರಿದುಬರುವ ಹೇಮಾವತಿಯನ್ನು ಕಾಯುತ್ತದೆ. ಆ ನೀರು ಬರುವುದು ಹಾಸನ ಜಿಲ್ಲೆಯ ಗೊರೂರಿನಿಂದ. ಹಂಚಿಟ್ಟಿದ್ದನ್ನು ಕಾಯುವವರಿಲ್ಲದಿದ್ದರೆ ಕೊನೆಗೆ ದೂರದ ಒಂದೇ ತೂಬಿನ ಕಡೆ ನೋಡಬೇಕಾಗುತ್ತದೆ. ನಮ್ಮ ಚಿತ್ರ, ಪತ್ರ, ಹಾಡು ಎಲ್ಲವನ್ನೂ ಯಾವುದೋ ದೇಶದ ಒಂದೆರಡು ಸಂಸ್ಥೆಗಳ ಕಣಜದಲ್ಲಿಟ್ಟು ನೆಮ್ಮದಿಯಾಗಿರುವ ನಮಗೆ ಈ ಮಾತು ಅನ್ವಯಿಸುತ್ತದೆ.

ತುಮಕೂರು, ಗುಬ್ಬಿಗಳಲ್ಲಿ ಈಗ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರ ಲ್ಯಾಪ್‌ಟಾಪಿನಲ್ಲಿ ಮೂರು ಕಂಟೇನರ್ ಸುಲಭವಾಗಿ ಓಡುತ್ತವೆ. ಗ್ಲಸ್ಟರ್‌ನ ಸಾಲುಗಳನ್ನು ತೆರೆದು ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಸಣ್ಣ ದೋಷ ತಿದ್ದಿ ಕಳಿಸಿದವರೂ ಆ ಕೆರೆಯ ಒಂದು ಬುಟ್ಟಿ ಹೂಳು ಎತ್ತಿದವರೇ.

ನಾನು ಮತ್ತೆ ಕಟ್ಟಿದ್ದೇನೆ. ಈ ಸಲ ‘ತುಮಕೂರು’ ನನ್ನ ಮನೆಯಲ್ಲಿದೆ. ‘ಗುಬ್ಬಿ’ ಗೆಳೆಯನ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಗುಬ್ಬಿಯಲ್ಲೇ ಇದೆ. ‘ಕುಣಿಗಲ್’ಗೆ ಇನ್ನೂ ಮನೆ ಹುಡುಕುತ್ತಿದ್ದೇವೆ, ಅಲ್ಲಿಯವರೆಗೆ ವಾರಕ್ಕೊಮ್ಮೆ ಎಲ್ಲವನ್ನೂ ಒಂದು ಬೇರೆ ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿ ಇಡುತ್ತೇನೆ. ಗೆಳೆಯ ಕರಪತ್ರ ಹುಡುಕುವುದನ್ನು ನಿಲ್ಲಿಸಿಲ್ಲ. ಚಿತ್ರ ಕಳಿಸಿದ ಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾನೆ: ‘ಬೀರುಗೂ ಹಾಕಿದೆಯೇನೋ?’