ಮೊದಲ ಚೀಟಿ

ಆಟಗಾರನೊಬ್ಬ ಇನ್ನೂ ಹೆಸರು ಮಾಡದಿರುವಾಗ ಅಚ್ಚಾದ ಅವನ ಮೊದಲ ಚಿತ್ರಚೀಟಿಗೆ ರೂಕಿ ಕಾರ್ಡ್ ಎನ್ನುತ್ತಾರೆ. 1958ರಲ್ಲಿ ಸ್ವೀಡನ್ನಿನಲ್ಲಿ ಅಚ್ಚಾದ ಪೆಲೆಯ ಚೀಟಿಯೊಂದು 2022ರಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಅಚ್ಚಾದ ಆ ವರ್ಷ ಪೆಲೆಗೆ ಹದಿನೇಳು. ಬ್ರೆಜಿಲ್ಲಿನ ಬೌರು ಎಂಬ ಊರಿನಲ್ಲಿ ಬೂಟು ಪಾಲಿಶ್ ಮಾಡಿದ, ಕಾಲುಚೀಲಕ್ಕೆ ಕಾಗದ ತುರುಕಿ ಚೆಂಡು ಮಾಡಿಕೊಂಡ ಬಡವರ ಹುಡುಗ. ಅದೇ ವರ್ಷ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದ. ಮಕ್ಕಳ ಕೈಗೆ ಹೋದ ಕಾಗದವನ್ನು ಜೋಪಾನ ಮಾಡುವವರಾರು? ಕೆಡದೆ ಉಳಿದದ್ದು ಕಡಿಮೆ, ಅದಕ್ಕೇ ಆ ಬೆಲೆ.

ಇದನ್ನು ಓದಿದಾಗ ನಮ್ಮ ಮೈಸೂರು ಸೀಮೆಯ ಹುಡುಗರು ನೆನಪಾದರು. ಬ್ರಿಟಿಷ್ ಪಟಾಲಂಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲೂ 1938ರಲ್ಲೂ ಗೆದ್ದುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ, ಫ್ರಾನ್ಸಿನ ಎದುರು ನಮ್ಮವರು ಕಣಕ್ಕಿಳಿದರು. ಹೆಚ್ಚಿನವರದು ಬರಿಗಾಲು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪಿ, ಕೊನೆಯ ಗಳಿಗೆಯಲ್ಲಿ 2-1ರಿಂದ ಸೋತರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲು ಬಾರಿಸಿದಾಗ, ನಮ್ಮ ಪಾಲಿನ ಒಂದೇ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಅವರು ಈಸ್ಟ್ ಬೆಂಗಾಲಿಗೆ ಹೋಗಿ ಕಲ್ಕತ್ತೆಯವರ ಕಣ್ಮಣಿಯಾದರು, 2017ರಲ್ಲಿ ತೀರಿಕೊಂಡರು.

ಇವರ ಚೀಟಿಗಳನ್ನು ನಮ್ಮ ಮಕ್ಕಳು ಬದಲಾಯಿಸಿಕೊಳ್ಳಲಿಲ್ಲ. ಎಂಬತ್ತರ ದಶಕದ ಕೊನೆಗೆ ಬಬಲ್‌ಗಮ್ ಜೊತೆ ಚೀಟಿ ಬಂದಾಗ ಅದರಲ್ಲಿದ್ದವರು ಕ್ರಿಕೆಟಿನವರು. ನಾನು ಪಾಠ ಮಾಡುವಾಗ ಬೆಂಚಿನ ಕೆಳಗೆ ಅವುಗಳ ವ್ಯಾಪಾರ ನಡೆಯುತ್ತಿತ್ತು! ರಾಮನ್ ಯಾರೆಂದು ಕೇಳಿದರೆ ತರಗತಿಗೆ ತರಗತಿಯೇ ಸುಮ್ಮನಿರುತ್ತಿತ್ತು. ಬಡತನ ಎರಡು ಕಡೆಯೂ ಒಂದೇ. ಒಂದು ಕಡೆ ಅದಕ್ಕೆ ಕಾಗದ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ, ಅಷ್ಟೆ.

ನಮ್ಮ ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಫುಟ್‌ಬಾಲಿಗಿಂತ ಕಬಡ್ಡಿ, ಖೋ ಖೋ ಹೆಚ್ಚು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೋಗುವ ಮಕ್ಕಳಲ್ಲಿ ಈಗಲೂ ಕೆಲವರದು ಬರಿಗಾಲೇ. ಅವರಲ್ಲಿ ಯಾರು ಮುಂದೆ ಏನಾಗುತ್ತಾರೋ ಹೇಳಲಾಗದು. ಒಮ್ಮೆ, ಗೆದ್ದ ಹುಡುಗಿಯೊಬ್ಬಳು ಪ್ರಮಾಣಪತ್ರದಲ್ಲಿ ತನ್ನ ಹೆಸರು ತಪ್ಪಾಗಿದೆಯೆಂದು ಅಳುತ್ತಾ ಬಂದಳು. ಬರೆದುಕೊಟ್ಟವರು, ‘ಒಂದಕ್ಷರ ತಾನೇ’ ಎಂದು ಕೈತೊಳೆದುಕೊಂಡಿದ್ದರು. ಒಂದಕ್ಷರವೇ ನಿಜ, ಆದರೆ ಅವಳ ಮನೆಯಲ್ಲಿ ಅವಳ ಹೆಸರಿಗೆ ಬಂದ ಮೊದಲ ಅಚ್ಚಿನ ಕಾಗದ ಅದು.

ಅಂದಿನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ವರ್ಷ, ಯಾವ ಆಟ, ಯಾರು ಆಡಿದರು, ಗೆದ್ದರೋ ಸೋತರೋ ಎಲ್ಲವನ್ನೂ ಬರೆಯುತ್ತೇನೆ. ಸಿಕ್ಕರೆ ಫೋಟೋ ಅಂಟಿಸುತ್ತೇನೆ. ಸೋತವರ ಹೆಸರನ್ನೂ ಬಿಡುವುದಿಲ್ಲ. ನಮ್ಮ ಶಾಲೆಗಳ ಅಲಮಾರಿಗಳಲ್ಲಿ ಗೆದ್ದ ಕಪ್ಪುಗಳಿಗೆ ಜಾಗವಿದೆ. ಇಂಥದೊಂದು ನೋಟ್‌ಬುಕ್ಕಿಗೂ ಜಾಗವಾದೀತು.