ಕಲ್ಲು ಓದಿದವರು

2024ರ ಮಾರ್ಚ್ ತಿಂಗಳ ಒಂದು ಭಾನುವಾರ. ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅರವತ್ತು ಎಪ್ಪತ್ತು ಜನ ಕೂತಿದ್ದೆವು. ಇದ್ದ ಎರಡು ಬೋರೂ ಕೈಕೊಟ್ಟಿದ್ದವು. ಮೂರನೆಯದು ಹಾಕಿಸೋದಾ ಬೇಡವಾ ಅನ್ನೋದೇ ಚರ್ಚೆ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಅಂತ ಅದೇ ತಿಂಗಳು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಆದರೂ ನಮ್ಮ ಕಾಂಪೌಂಡಿನ ಕೆಳಗೆ ಮಾತ್ರ ಗಂಗೆ ಕಾಯ್ತಾ ಕೂತಿದ್ದಾಳೆ ಅಂತ ಎಲ್ಲರಿಗೂ ಒಂದು ನಂಬಿಕೆ.

"ಯಾರಿಗಾದ್ರೂ ಜಿಯಾಲಜಿಸ್ಟ್ ಗೊತ್ತಾ?" ಅಂತ ಸೆಕ್ರೆಟರಿ ಕೇಳಿದರು. ನಾನು ಕೈ ಎತ್ತಿದೆ. ನಮ್ಮ ದೊಡ್ಡಪ್ಪನ ಮಗ ಎಂ.ಎಸ್ಸಿ. ಮಾಡಿದ್ದು ಅನ್ವಯಿಕ ಭೂವಿಜ್ಞಾನದಲ್ಲಿ.

ಮುಂದಿನ ಭಾನುವಾರ ಅಣ್ಣ ಬಂದ. ಕಟ್ಟಡ, ಪೈಪು, ಕೇಬಲ್‌ಗಳ ನಡುವೆ ಮೆಷಿನ್ ಹಚ್ಚಿದರೆ ನಂಬೋ ಹಾಗಿರಲ್ಲ ಅಂತ ಅದನ್ನು ಕಾರಿನಿಂದ ಇಳಿಸಲೇ ಇಲ್ಲ. ಹಳೆಯ ಎರಡು ಬೋರಿಗೆ ಎಷ್ಟು ಅಡಿ ಕೇಸಿಂಗ್ ಇಳಿಸಿದ್ದಿರಿ, ಎಷ್ಟನೇ ಅಡಿಗೆ ನೀರು ಬಂತು ಅಂತ ಕೇಳಿದ. ಅಕ್ಕಪಕ್ಕದ ನಾಲ್ಕು ಕಟ್ಟಡಗಳಿಗೆ ಹೋಗಿ ಅವರ ಬೋರಿನ ಕಥೆ ಬರೆದುಕೊಂಡು ಬಂದ. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದ: "ಹಾಕಿಸಬೇಡಿ ಸಾರ್. ಇಲ್ಲಿ ಇನ್ನು ನೀರಿಲ್ಲ."

ಹಿಂದಿನಿಂದ ಯಾರೋ ಅಂದರು, "ನೀರಿಲ್ಲ ಅನ್ನೋಕೂ ಫೀಸ್ ಕೊಡಬೇಕಾ?"

ಜನ ನಕ್ಕರು. ನನಗೆ ನಗು ಬರಲಿಲ್ಲ. ಈ ಮಾತನ್ನು ಹನ್ನೆರಡು ವರ್ಷದ ಹಿಂದೆ ನಮ್ಮಪ್ಪನ ಬಾಯಲ್ಲೂ ಕೇಳಿದ್ದೆ. ಆ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು, ನಮ್ಮ ನಾಡಿನಲ್ಲಿ ಕಲ್ಲು ಓದುವುದು ಒಂದು ನೌಕರಿ ಆಗಿದ್ದು ಹೇಗೆ ಅಂತ ಸ್ವಲ್ಪ ನೋಡೋಣ.

ಕಥೆ ಶುರುವಾಗುವುದು 1894ರಲ್ಲಿ. ಆಗ ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರು. ಆ ವರ್ಷ ಎರಡು ಕೆಲಸ ಆಯಿತು. ನಮ್ಮ ಯಲಹಂಕದ ಪಕ್ಕದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತರುವ ಏರ್ಪಾಡು ಒಂದು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಥಾಪನೆ ಇನ್ನೊಂದು. ಆದರೆ ಈ ಎರಡಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ನೀರು ಎಂಜಿನಿಯರುಗಳ ಕೆಲಸ. ಭೂವಿಜ್ಞಾನಿಗಳನ್ನು ಕರೆಸಿದ್ದು ಚಿನ್ನಕ್ಕೆ.

ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರಿಂದ ಚಿನ್ನ ತೆಗೆಯುತ್ತಿತ್ತು. ರಾಜ್ಯಕ್ಕೆ ರಾಯಧನ ಬರುತ್ತಿತ್ತು. ಇಂಥ ಗಣಿ ಇನ್ನೊಂದು ಎಲ್ಲಾದರೂ ಇದೆಯಾ ಅನ್ನುವ ಆಸೆ ಸರ್ಕಾರಕ್ಕೆ ಇದ್ದದ್ದು ಸಹಜ. ಇಲಾಖೆಯ ಮೊದಲ ಮುಖ್ಯಸ್ಥರಾಗಿ ಬಂದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿ, ಈ ದೇಶದ ಮನುಷ್ಯನ ಇತಿಹಾಸವನ್ನು ಲಕ್ಷಾಂತರ ವರ್ಷ ಹಿಂದಕ್ಕೆ ಒಯ್ದವರು ಅವರೇ. ಚಿನ್ನದ ಎಳೆ ಸಿಗುವ ಹಸಿರು ಬಣ್ಣದ ಪುರಾತನ ಶಿಲೆಗಳಿಗೆ 'ಧಾರವಾಡ' ಅನ್ನುವ ಹೆಸರನ್ನು ಕೊಟ್ಟವರೂ ಅವರೇ. ಇವತ್ತು ಕೆನಡಾದ ಭೂವಿಜ್ಞಾನಿಯೂ ನಮ್ಮ ನೆಲದ ಬಗ್ಗೆ ಬರೆಯುವಾಗ 'ಧಾರವಾಡ' ಅಂತಲೇ ಬರೆಯುತ್ತಾನೆ. ಪೇಡಾಕ್ಕಿಂತ ದೂರ ಹೋಗಿದೆ ಆ ಊರಿನ ಹೆಸರು!

ಫೂಟ್ ನಂತರ ಇಲಾಖೆ ಬೆಳೆಸಿದವರು ಸ್ಮೀತ್. ಲಾಲ್‌ಬಾಗ್ ಬಂಡೆ ಹತ್ತಿದವರಿಗೆ ಅಲ್ಲಿನ ಫಲಕ ನೆನಪಿರಬಹುದು. ಆ ಬಂಡೆಯ ಜಾತಿಗೆ 'ಪೆನಿನ್ಸುಲರ್ ನೈಸ್' ಅಂತ ಹೆಸರಿಟ್ಟವರು ಇವರು. ವಯಸ್ಸು ಸುಮಾರು 300 ಕೋಟಿ ವರ್ಷ. ಹೆಬ್ಬಾಳದ ಫ್ಲೈಓವರ್ ಆಗಲಿ ಯಶವಂತಪುರದ ರೈಲ್ವೆ ಸ್ಟೇಷನ್ ಆಗಲಿ, ನಿಂತಿರುವುದು ಹೆಚ್ಚುಕಡಿಮೆ ಇದೇ ಬಗೆಯ ಕಲ್ಲಿನ ಮೇಲೆ.

ಆಮೇಲಾಮೇಲೆ ನಮ್ಮವರೇ ಇಲಾಖೆಗೆ ಬಂದರು. ಸುತ್ತಿಗೆ, ದಿಕ್ಸೂಚಿ, ಒಂದು ಸಣ್ಣ ಭೂತಗನ್ನಡಿ, ಒಂದು ನೋಟ್‌ಬುಕ್ ಹಿಡಿದು ಮಲೆನಾಡಿನ ಕಾಡು, ಬಯಲುಸೀಮೆಯ ಗುಡ್ಡ ಎಲ್ಲಾ ಕಾಲ್ನಡಿಗೆಯಲ್ಲಿ ಸುತ್ತಿದರು. 1913ರಲ್ಲಿ ಸಂಪತ್ ಅಯ್ಯಂಗಾರ್ ಕುದುರೆಮುಖದ ಕಬ್ಬಿಣದ ಅದಿರನ್ನು ಪತ್ತೆ ಮಾಡಿದರು. ಕೆಮ್ಮಣ್ಣುಗುಂಡಿಯ ಅದಿರಿನಿಂದ 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ಚಿನ್ನ ಹುಡುಕಲು ಹುಟ್ಟಿದ ಇಲಾಖೆ ಕಬ್ಬಿಣಕ್ಕೆ ಬಂತು. ಸರ್ಕಾರಕ್ಕೆ ಯಾವಾಗ ಏನು ಬೇಕೋ ಅದನ್ನು ಹುಡುಕಿಕೊಡುವವನೇ ಭೂವಿಜ್ಞಾನಿ ಅನ್ನುವ ಅಭಿಪ್ರಾಯವೂ ಗಟ್ಟಿಯಾಯಿತು.

ಈ ಓದಿಗೆ ಆಗ ದೊಡ್ಡ ಜಾಗ ಅಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಲ್ಲಿ ಎಲ್. ರಾಮರಾವ್ ಪಾಠ ಮಾಡುತ್ತಿದ್ದರು. ಅಲ್ಲಿಂದ 1937ರಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ ಹುಡುಗನೊಬ್ಬ ಮೈಸೂರು ಭೂವಿಜ್ಞಾನ ಇಲಾಖೆಗೆ ಸೇರಿದ. ಹೆಸರು ಬಿ.ಪಿ. ರಾಧಾಕೃಷ್ಣ. ನನ್ನ ಪ್ರಕಾರ ಈ ಕಥೆಯ ನಾಯಕ ಅವರೇ.

ಕೆಳಗಿನ ಹುದ್ದೆಯಿಂದ ಶುರುಮಾಡಿದವರು 1965ರ ಹೊತ್ತಿಗೆ ಇಲಾಖೆಯ ನಿರ್ದೇಶಕರಾದರು. ರಾಮನಗರದ ಕಡೆಯ ಕ್ಲೋಸ್‌ಪೇಟ್ ಗ್ರಾನೈಟ್ ಬಗ್ಗೆ ಅವರು ಮಾಡಿದ ಕೆಲಸ ಹೆಸರುವಾಸಿ. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿದ್ದರ ಹಿಂದೆ ಅವರಿದ್ದರು. ಅದರ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಆದರೆ ನಮ್ಮಂಥ ಬಯಲುಸೀಮೆಯವರು ಅವರನ್ನು ನೆನೆಯಬೇಕಾದ ಕಾರಣ ಬೇರೆ.

ಅವರು ನಿರ್ದೇಶಕರಾದ ಕಾಲಕ್ಕೇ ದೇಶಕ್ಕೆ ಬರಗಾಲ ಬಡಿದಿತ್ತು. ಚಿನ್ನ ಕಬ್ಬಿಣ ಹುಡುಕುವ ಇಲಾಖೆಯನ್ನು ಅವರು ನೀರಿನ ಕಡೆಗೆ ತಿರುಗಿಸಿದರು. ಭೂವಿಜ್ಞಾನಿಗಳು ಹಳ್ಳಿಗೆ ಹೋಗಿ ಬಾವಿ ನೋಡಬೇಕು, ಅಂತರ್ಜಲ ಲೆಕ್ಕ ಹಾಕಬೇಕು ಅನ್ನುವುದು ಇಲಾಖೆಯ ಕೆಲಸವಾಯಿತು. ಅಷ್ಟೇ ಅಲ್ಲ, ಅದನ್ನು ರೈತನಿಗೂ ತಿಳಿಯೋ ಹಾಗೆ ಹೇಳಬೇಕು ಅಂತ ಕನ್ನಡದಲ್ಲೇ 'ಅಂತರ್ಜಲ' ಅನ್ನುವ ಪುಸ್ತಕ ಬರೆದರು. 1894ರಲ್ಲಿ ಒಂದೇ ವರ್ಷ ಶುರುವಾಗಿಯೂ ಮುಖ ನೋಡದೆ ಇದ್ದ ನೀರು ಮತ್ತು ಭೂವಿಜ್ಞಾನ ಭೇಟಿಯಾಗಲು ಎಪ್ಪತ್ತು ವರ್ಷ ಬೇಕಾಯಿತು.

ಇಲ್ಲಿ ನಮ್ಮ ನೆಲದ ಸ್ವಭಾವ ಸ್ವಲ್ಪ ಹೇಳಬೇಕು. ಗಂಗಾನದಿಯ ಬಯಲಲ್ಲಿ ನೂರಾರು ಅಡಿ ಮರಳು, ಮೆಕ್ಕಲುಮಣ್ಣು. ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ. ನಮ್ಮದು ಗಟ್ಟಿ ಕಲ್ಲು. ಮೇಲೆ ಐವತ್ತೋ ನೂರೋ ಅಡಿ ಶಿಥಿಲವಾದ ಕಲ್ಲುಮಣ್ಣಿನ ಪದರ ಇರುತ್ತೆ. ಮಳೆ ನೀರು ನಿಲ್ಲುವುದು ಮುಖ್ಯವಾಗಿ ಅಲ್ಲಿ. ಅದರ ಕೆಳಗೆ ಬಂಡೆ. ಬಂಡೆಯ ಬಿರುಕಿನಲ್ಲಿ ಮಾತ್ರ ನೀರು. ಸಾಮಾನ್ಯವಾಗಿ ಆಳಕ್ಕೆ ಹೋದ ಹಾಗೆ ಬಿರುಕು ಕಡಿಮೆ. ನಮ್ಮ ತಾತನ ಕಪಿಲೆ ಬಾವಿ ನಲವತ್ತು ಅಡಿ, ಅದು ಮೇಲಿನ ಪದರದ ನೀರು. ಬೋರು ಬಂದ ಮೇಲೆ ನಾವು ಆ ಪದರ ಖಾಲಿ ಮಾಡಿದೆವು, ಆಮೇಲೆ ಬಿರುಕುಗಳನ್ನೂ ಹೀರಿದೆವು. ಸಾವಿರದ ಇನ್ನೂರು ಅಡಿಗೆ ಹೋಗುವುದು ಅಂದರೆ ಉಳಿತಾಯದ ಖಾತೆ ಮುಗಿದ ಮೇಲೆ ಅಜ್ಜಿಯ ಸೆರಗಿನ ಗಂಟು ಬಿಚ್ಚಿದ ಹಾಗೆ.

ಈಗ ಅಣ್ಣನ ಕಥೆ. ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ಬಿ.ಎಸ್ಸಿ. ಮುಗಿಸಿ ಅವನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಅನ್ವಯಿಕ ಭೂವಿಜ್ಞಾನ ಓದಲು ಹೋದ. "ಕಲ್ಲು ಓದೋಕೆ ಕಾಲೇಜು ಬೇಕೇನೋ?" ಅಂತ ಊರೆಲ್ಲ ಆಡಿಕೊಂಡಿತು. ನಾನು ಬಿ.ಇ. ಕಂಪ್ಯೂಟರ್ ಸೈನ್ಸ್ ಸೇರಿದಾಗ ಯಾರೂ ಏನೂ ಕೇಳಲಿಲ್ಲ. ಅಲ್ಲಿ ಅವರಿಗೆ ಖನಿಜ, ಶಿಲೆ, ಭೂರಚನೆ ಪಾಠದ ಜೊತೆ ಅಂತರ್ಜಲ, ಅಣೆಕಟ್ಟು ಸುರಂಗಗಳ ಭೂವಿಜ್ಞಾನ, ಉಪಗ್ರಹ ಚಿತ್ರ ಓದುವುದು, ಇದೆಲ್ಲ ಇತ್ತು. ವರ್ಷಕ್ಕೊಮ್ಮೆ ವಾರಗಟ್ಟಲೆ ಗುಡ್ಡ ಅಲೆದು ನಕ್ಷೆ ಬರೆಯಬೇಕು. ರಜೆಗೆ ಬಂದಾಗ ಅವನ ಬ್ಯಾಗಿನ ತುಂಬ ಕಲ್ಲು. ದೊಡ್ಡಮ್ಮ ಒಂದನ್ನು ತೆಗೆದು ಖಾರ ಅರೆಯೋಕೆ ಇಟ್ಟುಕೊಂಡಿದ್ದರು!

ಈ ಓದು ಎಲ್ಲೆಲ್ಲಿ ಕರೆದುಕೊಂಡು ಹೋಗುತ್ತೆ ಅನ್ನುವುದಕ್ಕೆ ಅವನ ಜೊತೆ ಓದಿದವರೇ ಸಾಕ್ಷಿ. ಒಬ್ಬ ಹಟ್ಟಿ ಚಿನ್ನದ ಗಣಿಯಲ್ಲಿದ್ದಾನೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ಚಿನ್ನದ ಆಸೆ ಇರುವವರಿಗೆ ರಾಜ್ಯದಲ್ಲಿ ಉಳಿದ ದೊಡ್ಡ ಜಾಗ ಅದು. ಒಬ್ಬಳು ಯು.ಪಿ.ಎಸ್.ಸಿ. ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದಳು. ಕೇಂದ್ರ ಅಂತರ್ಜಲ ಮಂಡಳಿಗೂ ಅದೇ ಪರೀಕ್ಷೆಯ ದಾರಿ. ಒಬ್ಬ ಸಮುದ್ರದ ನಡುವೆ ತೈಲ ಬಾವಿಯಲ್ಲಿ, ಕೊರೆದಾಗ ಮೇಲೆ ಬರುವ ಕಲ್ಲುಪುಡಿ ನೋಡಿ ವರದಿ ಬರೆಯುತ್ತಾನೆ. ಒಬ್ಬ ಮೆಟ್ರೋ ಸುರಂಗದಲ್ಲಿದ್ದ. ನಾಗವಾರದ ಕಡೆ 'ತುಂಗಾ', 'ಭದ್ರಾ' ಅನ್ನುವ ಯಂತ್ರಗಳು ಕೊರೆಯುತ್ತಿದ್ದಾಗ ಮುಂದೆ ಸಿಗುವುದು ಮಣ್ಣೋ ಬಂಡೆಯೋ ಅಂತ ದಿನವೂ ನೋಡಿ ಹೇಳುವುದು ಅವನಂಥವರ ಕೆಲಸ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಎ.ಸಿ. ಕೆಳಗೆ ಕೂತಿದ್ದ ನನಗೆ ಹತ್ತಿರದಲ್ಲೇ ನೆಲದಡಿ ಅವನಿದ್ದಾನೆ ಅಂತ ಗೊತ್ತೇ ಇರಲಿಲ್ಲ.

ಎಲ್ಲರ ಕಥೆಯೂ ಸುಖಾಂತ್ಯ ಅಲ್ಲ ಬಿಡಿ. ಒಬ್ಬ ಬಳ್ಳಾರಿಯ ಒಂದು ಗಣಿಗೆ ಸೇರಿ ಚೆನ್ನಾಗಿ ಸಂಪಾದಿಸುತ್ತಿದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಒಂದೇ ತಿಂಗಳಲ್ಲಿ ಮನೆಗೆ ಬಂದ. ಸರ್ಕಾರಿ ಹುದ್ದೆ ಕಡಿಮೆ, ಕಾಯುವ ವರ್ಷ ಜಾಸ್ತಿ. ಕೆಲವರು ನಕ್ಷೆಯ ಸಾಫ್ಟ್‌ವೇರ್ ಕಲಿತು ನಮ್ಮ ಫೀಲ್ಡಿಗೇ ಬಂದುಬಿಟ್ಟಿದ್ದಾರೆ. ಯಲಹಂಕದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಲ್ಲಿ ಓಡಾಡುವವರು ಎರಡು ಬೋರ್ಡು ನೋಡಿರಬಹುದು. ದೊಡ್ಡಬೆಟ್ಟಹಳ್ಳಿಯಲ್ಲಿರುವುದು ರಾಜ್ಯ ದೂರ ಸಂವೇದಿ ಕೇಂದ್ರ. ಅಟ್ಟೂರು ಬಡಾವಣೆ ಹತ್ತಿರ ಇರುವುದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿದ್ದು ಅದು. ಇವತ್ತು ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಇಡುತ್ತದೆ. ನಾನು ವರ್ಷಗಟ್ಟಲೆ ಇವುಗಳ ಮುಂದೆಯೇ ಗಾಡಿ ಓಡಿಸಿದ್ದೇನೆ, ತಲೆ ಎತ್ತಿ ನೋಡಿರಲಿಲ್ಲ.

ಅಣ್ಣ ಆರಿಸಿಕೊಂಡಿದ್ದು ನೀರು. 2012ರಲ್ಲಿ ಊರಿನಲ್ಲಿ ಬರ. ಅಪ್ಪನ ಮೂರು ಬೋರು ಫೇಲಾಗಿದ್ದವು. ಹಿಪ್ಪುನೇರಳೆ ತೋಟ ಒಣಗುತ್ತಿತ್ತು. ಅಣ್ಣ ಮೆಷಿನ್ ತಂದ. ನಾಲ್ಕು ಕಬ್ಬಿಣದ ಗೂಟ ನೆಲಕ್ಕೆ ಹೊಡೆದು, ಹೊರಗಿನ ಎರಡಕ್ಕೆ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಗೂಟ ದೂರ ದೂರ ಸರಿಸಿದ ಹಾಗೆ ಹೆಚ್ಚು ಆಳದ ಸುದ್ದಿ ಸಿಗುತ್ತೆ. ನೀರಿರುವ ಶಿಥಿಲ ಕಲ್ಲು ಕರೆಂಟನ್ನು ಬಿಡುತ್ತೆ, ಒಣ ಬಂಡೆ ತಡೆಯುತ್ತೆ. ಬೆಳಗ್ಗೆಯಿಂದ ಸಂಜೆವರೆಗೂ ಹೊಲದ ತುಂಬ ವೈರ್ ಎಳೆದು ಕೊನೆಗೆ ಹೇಳಿದ: "ಬೇಡ ಚಿಕ್ಕಪ್ಪ. ಆ ದುಡ್ಡಲ್ಲಿ ಒಂದು ಕೃಷಿ ಹೊಂಡ ಮಾಡಿಸಿ."

"ನೀರಿಲ್ಲ ಅನ್ನೋಕೆ ಇಷ್ಟು ವರ್ಷ ಓದಬೇಕಿತ್ತಾ?" ಅಂದರು ಅಪ್ಪ. ಮಾರನೇ ದಿನ ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ಮಾಡೋರು ಬಂದರು. ಕಾಯಿ ಎದ್ದು ನಿಂತಿತು. ಸಾವಿರದ ನೂರು ಅಡಿ ಕೊರೆದರೂ ಬಿಳಿ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಮೂರು ವರ್ಷ ಆ ಸಾಲ ತೀರಿಸಿದ್ದು ನನ್ನ ಸಂಬಳ.

ಅಪ್ಪನನ್ನು ಮಾತ್ರ ದೂರಿದರೆ ತಪ್ಪಾಗುತ್ತೆ. ಅವರು ಫೋನ್ ಮಾಡಿ "ಏನ್ ಮಾಡ್ಲಪ್ಪಾ?" ಅಂತ ಕೇಳಿದಾಗ, ಅಣ್ಣ ಹೇಳಿದ್ದು ಗೊತ್ತಿದ್ದೂ "ನಿಮ್ಮಿಷ್ಟ" ಅಂತ ದುಡ್ಡು ಹಾಕಿದವನು ನಾನು. ಆಫೀಸಿನಲ್ಲಿ ಡೇಟಾ ಇಲ್ಲದೆ ಯಾವ ನಿರ್ಧಾರಕ್ಕೂ ಒಪ್ಪದ ನಾನು, ಅಪ್ಪನ ಹೊಲದ ವಿಷಯದಲ್ಲಿ ತೆಂಗಿನಕಾಯಿಗೆ ದುಡ್ಡು ಕೊಟ್ಟೆ. ಅಣ್ಣ ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ.

ಈ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಅನಿಸಿದ್ದು ಇಷ್ಟು. ಫೂಟ್ ಕಾಲದಿಂದಲೂ ನಾವು ಕಲ್ಲು ಓದಿದವರನ್ನು 'ಇದೆ' ಅನ್ನಿಸಿಕೊಳ್ಳಲು ಮಾತ್ರ ಕರೆದೆವು. ಚಿನ್ನ ಇದೆ, ಅದಿರು ಇದೆ, ನೀರಿದೆ. 'ಇಲ್ಲ' ಅನ್ನುವುದೂ ಆ ಓದಿನ ಅರ್ಧ ಪಾಲು. ಡಾಕ್ಟರು ಆಪರೇಷನ್ ಬೇಡ ಅಂದರೆ ಖುಷಿಯಾಗಿ ಫೀಸ್ ಕೊಡ್ತೀವಿ. ಭೂವಿಜ್ಞಾನಿ ಬೋರ್ ಬೇಡ ಅಂದರೆ ನಗ್ತೀವಿ. ಅಂತರ್ಜಲ ಕಾಪಾಡಲು 2011ರಲ್ಲಿ ರಾಜ್ಯದಲ್ಲಿ ಕಾನೂನೇ ಬಂತು. ಆದರೆ 'ಇಲ್ಲ' ಅನ್ನೋದನ್ನು ಕೇಳುವ ಕಿವಿ ಕಾನೂನಿನಿಂದ ಬರಲ್ಲ.

ಪಾರ್ಕಿಂಗ್ ಜಾಗದ ಮೀಟಿಂಗಿಗೆ ವಾಪಸ್ ಬರೋಣ. ಆ ದಿನ ಜನ ನಕ್ಕಾಗ ನಾನು ಎದ್ದು ನಿಂತು ಅಪ್ಪನ ನಾಲ್ಕನೇ ಬೋರಿನ ಕಥೆ ಹೇಳಿದೆ, ಸಾಲದ ಮೊತ್ತ ಸಮೇತ. ಕೈ ಎತ್ತಿಸಿದಾಗ ಬೋರ್ ಬೇಡ ಅನ್ನುವವರು ಆರು ಜನ ಜಾಸ್ತಿ ಆದರು. ಆ ದುಡ್ಡಲ್ಲಿ ಚಾವಣಿಯ ಮಳೆನೀರು ಇಳಿಯುವ ಹಾಗೆ ಎರಡು ಇಂಗುಬಾವಿ ತೋಡಿಸಿದೆವು. ಅಣ್ಣನೇ ಜಾಗ ತೋರಿಸಿದ. ಪವಾಡ ಏನೂ ಆಗಿಲ್ಲ, ಟ್ಯಾಂಕರ್ ಈಗಲೂ ಬರುತ್ತೆ, ಆದರೆ ಕಡಿಮೆ.

ಊರಲ್ಲೂ ಒಂದು ಬದಲಾವಣೆ ಆಗಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಜನ ಹೋರಾಡುತ್ತಿದ್ದಾರೆ. ನಮ್ಮೂರ ಕೆರೆ ತುಂಬಿ, ತಾತನ ಕಪಿಲೆ ಬಾವಿಯ ತಳದಲ್ಲಿ ಮತ್ತೆ ನೀರು ಕಂಡಿತು. "ನೀವು ಬಳಸಿ ಬಿಟ್ಟ ನೀರು ನಮ್ಮ ಬಾವಿಗೆ ಬಂತು ಕಣೋ" ಅಂತ ಅಪ್ಪ ಫೋನ್‌ನಲ್ಲಿ ನಕ್ಕರು. ಆಮೇಲೆ ಅಣ್ಣನಿಗೂ ಫೋನ್ ಮಾಡಿದರಂತೆ, ಇದನ್ನು ಕುಡಿಯಬಹುದಾ ಅಂತ ಕೇಳಲು.

"ಬೇಡ ಚಿಕ್ಕಪ್ಪ. ತೋಟಕ್ಕೆ ಬಿಡಿ, ಕುಡಿಯೋಕೆ ಬೇಡ" ಅಂದನಂತೆ ಅಣ್ಣ.

ಈ ಸಲ ಅಪ್ಪ ಕೇಳಿದರು.